ಕಾಶ್ಮೀರದಿಂದ ಕಲ್ಯಾಣಕ್ಕೆ ನಡೆದು ಬಂದ ಶರಣ ದಂಪತಿ: ಮೋಳಿಗೆ ಮಾರಯ್ಯ ಮತ್ತು ಮಹಾದೇವಿ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ನಮ್ಮ ಜನಕ್ಕೆ ದೇವರಿಗೆ ನಡೆದು ಹೋಗೋದು ಹೊಸದೇನಲ್ಲ. ಮಾಘ ಮಾಸದಲ್ಲಿ ಶ್ರೀ ಗುರು ಕೊಟ್ಟೂರೇಶ್ವರ ಸ್ವಾಮಿಯ ತೇರಿಗೆ ದಾವಣಗೆರೆ ಕಡೆಯಿಂದ ಸಾವಿರಾರು ಭಕ್ತರು ನಡೆದು ಬರುತ್ತಾರೆ. ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರದ ಕಾರಣಿಕ ಕೇಳಲು ಹಡಗಲಿ ದಾರಿಯಲ್ಲಿ ಜನ ಮತ್ತು ಬಂಡಿ ಸಾಲುಗಟ್ಟಿರುತ್ತವೆ. ಯುಗಾದಿ ಹತ್ತಿರ ಬಂತೆಂದರೆ ಶ್ರೀಶೈಲ ಮಲ್ಲಯ್ಯನ ಕಡೆ ಮುಖ ಮಾಡಿ ಹೊರಟುಬಿಡುವವರಿದ್ದಾರೆ. ಇವರಲ್ಲಿ ಗಂಡ ಹೆಂಡತಿ ಜೋಡಿಯಾಗಿ ನಡೆಯುವವರು ಬಹಳ. ಕೆಲವರು ಹರಕೆಗೆ, ಕೆಲವರು ಮಕ್ಕಳಾಗಲಿ ಅಂತ, ಕೆಲವರು ಮಕ್ಕಳ ಮದುವೆ ಮುಗಿಸಿ ಇನ್ನು ನಮ್ಮ ಪಾಲಿನದು ಅಂತ. ಅಂಥ ದಂಪತಿಗಳು ಓದಲಿ ಎಂಬ ಆಸೆಯಿಂದ ಈ ಸಣ್ಣ ಚರಿತ್ರೆಯನ್ನು ಇಲ್ಲಿ ಬರೆಯಲಾಗಿದೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಾರಯ್ಯ ಎಂಬ ಹೆಸರಿನ ಶರಣರು ಒಬ್ಬರಿಗಿಂತ ಹೆಚ್ಚು ಇದ್ದರು. ಹೀಗಾಗಿ ಓದುವವರಿಗೆ ಗೊಂದಲವಾಗುತ್ತದೆ. ಆಯ್ದಕ್ಕಿ ಮಾರಯ್ಯನವರು ರಾಯಚೂರು ಜಿಲ್ಲೆ ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಬಂದವರು, ಅವರ ಧರ್ಮಪತ್ನಿ ಲಕ್ಕಮ್ಮ. ಬಸವಣ್ಣನವರ ಮಹಾಮನೆ ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದು ಅವರ ಕಾಯಕ. ಒಂದು ದಿನ ಗಂಡ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಎಲ್ಲಿಂದ ತಂದರೋ ಅಲ್ಲೇ ಸುರಿದು ಬರಲು ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಹೇಳುತ್ತಿರುವುದು ಅವರದಲ್ಲ. ಕಟ್ಟಿಗೆ ಹೊರೆ ಹೊತ್ತು ಮಾರಿದ ಮೋಳಿಗೆ ಮಾರಯ್ಯನವರದು. ಮೋಳಿಗೆ ಅಂದರೆ ಕಟ್ಟಿಗೆಯ ಹೊರೆ.

ಮೋಳಿಗೆ ಮಾರಯ್ಯನವರು ಮೊದಲು ಅರಸರಾಗಿದ್ದರು. ಕಾಶ್ಮೀರ ದೇಶದ ಮಾಂಡವ್ಯಪುರ ಅವರ ರಾಜಧಾನಿ, ಮಹಾದೇವ ಭೂಪಾಲ ಎಂಬುದು ಅವರ ಹೆಸರು ಎಂದು ಶರಣ ಪರಂಪರೆ ಹೇಳುತ್ತದೆ. ಪಟ್ಟದ ರಾಣಿ ಗಂಗಾದೇವಿ. ಲಿಂಗಾರತಿ ಎಂಬ ಮಗ. ನಿಜದೇವಿ ಎಂಬ ತಂಗಿಯೂ ಇದ್ದಳು, ಆಕೆಯೇ ಮುಂದೆ ಕಲ್ಯಾಣದಲ್ಲಿ ಬೊಂತಾದೇವಿ ಎಂಬ ಹೆಸರಿನ ಶರಣೆಯಾದಳು ಎನ್ನುತ್ತಾರೆ. ಇಲ್ಲಿ ಕಾಶ್ಮೀರ ಅಂದರೆ ಈಗಿನ ಕಾಶ್ಮೀರವೇನಾ ಅಂತ ವಿದ್ವಾಂಸರು ಚರ್ಚೆ ಮಾಡಿದ್ದಾರೆ. ಅದು ಅವರಿಗಿರಲಿ. ನಮ್ಮ ಹಿರಿಯರು ಕೇಳಿಕೊಂಡು ಬಂದಿದ್ದು ಕಾಶ್ಮೀರ ಅಂತಲೇ.

ಅರಸನು ಶಿವಭಕ್ತ. ದಿನವೂ ಸಾವಿರಾರು ಜಂಗಮರಿಗೆ ಅರಮನೆಯಲ್ಲಿ ದಾಸೋಹ ನಡೆಯುತ್ತಿತ್ತು. ಹಾಗೆ ಬಂದು ಹೋಗುವ ಜಂಗಮರ ಬಾಯಲ್ಲಿ ದಕ್ಷಿಣದ ಕಲ್ಯಾಣವೆಂಬ ಪಟ್ಟಣದ ಸುದ್ದಿ ಬರತೊಡಗಿತು. ಅಲ್ಲಿ ಬಿಜ್ಜಳ ರಾಜನ ಭಂಡಾರಿಯಾದ ಬಸವಣ್ಣನವರು ಮೇಲು ಕೀಳು ಎಣಿಸದೆ ಎಲ್ಲರನ್ನೂ ಕೂಡಿಸಿ ಕೂರಿಸುತ್ತಾರೆ, ಅಲ್ಲಿ ಪ್ರತಿಯೊಬ್ಬರೂ ದುಡಿದು ಉಣ್ಣಬೇಕು, ದುಡಿದದ್ದರಲ್ಲೇ ದಾಸೋಹ ಮಾಡಬೇಕು ಎಂಬ ಸುದ್ದಿ. ಮಹಾದೇವ ಭೂಪಾಲರಿಗೆ ಇದು ತಾಗಿತು. ತಾವು ಮಾಡುತ್ತಿದ್ದ ದಾಸೋಹ ಪ್ರಜೆಗಳ ಕಂದಾಯದ ಹಣದ್ದು, ತಮ್ಮ ಬೆವರಿನ ಒಂದು ಹನಿಯೂ ಅದರಲ್ಲಿಲ್ಲ ಎಂಬುದು ಅವರ ಮನಸ್ಸಿಗೆ ಬಂದಿರಬೇಕು. ಮಗನಿಗೆ ಪಟ್ಟ ಕಟ್ಟಿ ಕಲ್ಯಾಣಕ್ಕೆ ಹೊರಟರು. ರಾಣಿ ಅರಮನೆಯಲ್ಲಿ ರಾಜಮಾತೆಯಾಗಿ ಸುಖವಾಗಿ ಇರಬಹುದಿತ್ತು. ಇರಲಿಲ್ಲ. ಅವರೂ ಹೊರಟರು.

ಆ ದಾರಿಯನ್ನು ಒಂಚೂರು ಲೆಕ್ಕ ಹಾಕಿ ನೋಡಿ. ಕಾಶ್ಮೀರದಿಂದ ಕಲ್ಯಾಣಕ್ಕೆ ಈಗಿನ ರಸ್ತೆಯಲ್ಲಿ ಹೋದರೂ 2000 ಕಿ.ಮೀ.ಗೆ ಮೇಲಾಗುತ್ತದೆ. ಪಾದಯಾತ್ರೆಯಲ್ಲಿ ನಮ್ಮವರು ದಿನಕ್ಕೆ 25 ಕಿ.ಮೀ. ನಡೆದರೆ ಹೆಚ್ಚು. ಆ ಲೆಕ್ಕದಲ್ಲಿ ಒಂದು ದಿನವೂ ಕೂರದೆ ನಡೆದರೆ ಮೂರು ತಿಂಗಳು. ಮಳೆ, ಜ್ವರ, ಹೊಳೆ ತುಂಬಿದ್ದು ಎಲ್ಲಾ ಸೇರಿಸಿದರೆ ಎಷ್ಟಾಗುತ್ತದೋ. ಉತ್ತರದಿಂದ ಬರುವವರು ನರ್ಮದೆ ದಾಟಬೇಕು, ತಪತಿ ದಾಟಬೇಕು, ಗೋದಾವರಿ ದಾಟಬೇಕು, ಕೊನೆಗೆ ಕಲ್ಯಾಣದ ಹತ್ತಿರ ಮಾಂಜರಾ. ದಾರಿಯುದ್ದಕ್ಕೂ ಭಾಷೆ ಬದಲಾಗುತ್ತದೆ, ಊಟ ಬದಲಾಗುತ್ತದೆ. ನಮ್ಮ ಪಾದಯಾತ್ರಿಗಳಿಗೆ ಹಾದಿ ಮೇಲೆ ಊರಿನವರು ಪೆಂಡಾಲ್ ಹಾಕಿ ಮಜ್ಜಿಗೆ, ಕಲ್ಲಂಗಡಿ, ಕಾಲಿಗೆ ಎಣ್ಣೆ ಕೊಡುತ್ತಾರೆ. ಆ ದಂಪತಿಗೆ ಯಾರು ಕೊಟ್ಟರು? ಪಲ್ಲಕ್ಕಿಯಲ್ಲಿ ಕೂತು ರೂಢಿಯಾದ ಕಾಲುಗಳು. ಯಾರ ಕಾಲಿಗೆ ಮೊದಲು ಬೊಬ್ಬೆ ಎದ್ದಿತೋ, ಯಾರು ಯಾರಿಗೆ ಧೈರ್ಯ ಹೇಳಿದರೋ ಯಾವ ಪುರಾಣವೂ ಬರೆದಿಲ್ಲ. ಪುರಾಣದಲ್ಲಿ ಅರಸ ಹೊರಟ, ಕಲ್ಯಾಣ ತಲುಪಿದ ಅಂತ ಎರಡು ಮಾತಿನಲ್ಲಿ ಮುಗಿದುಹೋಗುತ್ತದೆ. ನಡೆದವರಿಗೆ ಗೊತ್ತು, ನಡುವೆ ಎಷ್ಟಿದೆ ಅಂತ.

ಈ ಮಾತು ಬರೆಯುವಾಗ ನಮ್ಮ ಬೆಟ್ಟದ ಮೆಟ್ಟಿಲು ನೆನಪಾಗುತ್ತದೆ. ಆಫೀಸಿನ ಕಿಟಕಿಯಿಂದ ಮೆಟ್ಟಿಲು ಚೆನ್ನಾಗಿ ಕಾಣುತ್ತದೆ. ಗಂಡಸರು ದಬದಬ ಹತ್ತಿ ಮೇಲೆ ಬಂದು ಕಲ್ಲಿನ ಮೇಲೆ ಕೂತು ಗಾಳಿ ಹಾಕಿಕೊಳ್ಳುತ್ತಿರುತ್ತಾರೆ. ಹಿಂದೆ ಅರ್ಧ ಗಂಟೆ ಬಿಟ್ಟು ಹೆಂಗಸರು, ಒಂದು ಕೈಯಲ್ಲಿ ಬುತ್ತಿ ಚೀಲ, ಇನ್ನೊಂದು ಕೈಯಲ್ಲಿ ಮಗು. ಪೂಜೆ ರಶೀದಿ ಬರೆಸುವಾಗ ಗಂಡನ ಹೆಸರು ಹೇಳಿ ಮತ್ತು ಕುಟುಂಬ ಅಂತ ಬರೀರಿ ಅನ್ನುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಬರೆದೆ. ಈಗ ಹೆಂಡತಿಯ ಹೆಸರೂ ಕೇಳಿ ಬರೆಯುತ್ತೇನೆ. ಈ ಬುದ್ಧಿ ಬಂದಿದ್ದು ಮಹಾದೇವಿ ತಾಯಿಯ ಚರಿತ್ರೆ ಓದಿದ ಮೇಲೆ.

ಕಲ್ಯಾಣಕ್ಕೆ ಬಂದ ಮೇಲೆ ಅರಸನು ಮಾರಯ್ಯನಾದ, ರಾಣಿ ಮಹಾದೇವಿಯಾದಳು. ತಾವು ಇಂಥವರು ಅಂತ ಬಸವಣ್ಣನವರಿಗೆ ಹೇಳಿಸಿ ಮಹಾಮನೆಯಲ್ಲಿ ಇಳಿದುಕೊಂಡಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಅದನ್ನು ಮಾಡಲಿಲ್ಲ. ಒಂದು ಗುಡಿಸಲು ಮಾಡಿಕೊಂಡರು. ಮಾರಯ್ಯನವರು ಬೆಳಗ್ಗೆ ಎದ್ದು ಅಡವಿಗೆ ಹೋಗಿ ಒಣ ಕಟ್ಟಿಗೆ ಕಡಿದು, ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ತಂದು ಪೇಟೆಯಲ್ಲಿ ಮಾರುವರು. ಬಂದ ದುಡ್ಡಿನಲ್ಲಿ ದವಸ ತರುವರು. ಅದರಲ್ಲಿ ಮಹಾದೇವಿ ಅಂಬಲಿ ಕಾಯಿಸಿ ಜಂಗಮರಿಗೆ ನೀಡಿ, ಉಳಿದದ್ದನ್ನು ಇಬ್ಬರೂ ಪ್ರಸಾದವಾಗಿ ಸ್ವೀಕರಿಸುವರು. ನಮ್ಮ ಸೀಮೆಯಲ್ಲೂ ಗ್ಯಾಸ್ ಬರುವ ಮುಂಚೆ ಕಟ್ಟಿಗೆ ಹೊರೆ ಹೊತ್ತು ಸಂತೆಗೆ ಬರುತ್ತಿದ್ದವರನ್ನು ಐವತ್ತು ದಾಟಿದವರೆಲ್ಲ ನೋಡಿದ್ದೇವೆ. ಕುತ್ತಿಗೆ ನರ ಬಿಗಿದು ನಿಂತಿರುತ್ತಿತ್ತು, ಗಿರಾಕಿ ಚೌಕಾಶಿ ಮಾಡುವಾಗಲೂ ಹೊರೆ ಕೆಳಗಿಳಿಸುತ್ತಿರಲಿಲ್ಲ, ಇಳಿಸಿದರೆ ಮತ್ತೆ ಎತ್ತಿಕೊಡಲು ಇನ್ನೊಬ್ಬರು ಬೇಕಲ್ಲ. ಕಿರೀಟ ಹೊತ್ತ ತಲೆ ಇಂಥ ಹೊರೆ ಹೊತ್ತಿತು.

ಈ ದಂಪತಿಗಳ ಸುದ್ದಿ ಬಸವಣ್ಣನವರ ಕಿವಿಗೆ ಬಿತ್ತು. ಮಾರಯ್ಯನವರು ಅಡವಿಗೆ ಹೋದ ಹೊತ್ತು ನೋಡಿ ಬಸವಣ್ಣನವರು ಜಂಗಮ ವೇಷದಲ್ಲಿ ಗುಡಿಸಲಿಗೆ ಬಂದರು. ಮಹಾದೇವಿ ಬಂದವರು ಯಾರು ಎತ್ತ ಕೇಳದೆ ಅಂಬಲಿ ನೀಡಿದರು. ಅದರ ರುಚಿಗೆ ಬಸವಣ್ಣನವರು ತಲೆದೂಗಿದರು. ಜೊತೆಗೆ ಮನೆಯ ಬಡತನ ನೋಡಿ ಮರುಗಿ, ಯಾರಿಗೂ ತಿಳಿಯದಂತೆ ಹೊನ್ನಿನ ಗಂಟನ್ನು ಅಲ್ಲೇ ಇಟ್ಟು ಹೊರಟುಹೋದರು. ಸಂಜೆ ಮಾರಯ್ಯನವರು ಪೂಜೆಗೆ ಕೂತಾಗ ಹೊನ್ನು ಕಂಡಿತು. ಇದು ಬಸವಣ್ಣನವರದೇ ಕೆಲಸ ಅಂತ ತಕ್ಷಣ ತಿಳಿಯಿತು. ಸಂತೋಷವಾಗಲಿಲ್ಲ, ನೋವಾಯಿತು. ರಾಜ್ಯದ ಬೊಕ್ಕಸವನ್ನೇ ಬಿಟ್ಟು ಬಂದವರಿಗೆ ಇನ್ನೊಬ್ಬರ ಹೊನ್ನು ಯಾಕೆ? ಜಂಗಮರನ್ನು ಕರೆಸಿ ಅಷ್ಟನ್ನೂ ಹಂಚಿಬಿಟ್ಟರು. ಅಷ್ಟೇ ಅಲ್ಲದೆ ಪಾದೋದಕ ಚಿಮುಕಿಸಿದಾಗ ಮನೆಯಲ್ಲಿದ್ದ ಕಟ್ಟಿಗೆಯೆಲ್ಲ ಹೊನ್ನಾಯಿತು, ಅದನ್ನೂ ಜಂಗಮರಿಗೇ ಕೊಟ್ಟರು ಎಂದು ಪುರಾಣ ವರ್ಣಿಸುತ್ತದೆ. ಬಸವಣ್ಣನವರು ಬಂದು, ತಾನು ಕೊಡುವವನೆಂಬ ಅಹಂಕಾರ ತನ್ನಲ್ಲಿ ಬಂದಿತ್ತೆಂದು ಒಪ್ಪಿಕೊಂಡು ಕ್ಷಮೆ ಕೇಳಿದರು. ಕಟ್ಟಿಗೆ ಹೊನ್ನಾದ ಪವಾಡ ದೊಡ್ಡದೇ. ಆದರೆ ಮರುದಿನ ಬೆಳಗ್ಗೆ ಮಾರಯ್ಯನವರು ಮತ್ತೆ ಕೊಡಲಿ ಹಿಡಿದು ಅಡವಿಗೆ ಹೋಗಬೇಕಿತ್ತು, ಮಹಾದೇವಿ ಮತ್ತೆ ಒಲೆ ಮುಂದೆ ಕೂರಬೇಕಿತ್ತು. ಮನೆಯಲ್ಲಿದ್ದ ಗಂಟು ಹೊರಗೆ ಹೋಗುವಾಗ ಹೆಂಡತಿ ಒಂದು ಮಾತೂ ತಡೆಯಲಿಲ್ಲವಲ್ಲ, ನನಗೆ ಅದೇ ದೊಡ್ಡ ಪವಾಡವಾಗಿ ಕಾಣುತ್ತದೆ.

ಇಷ್ಟರವರೆಗಿನ ಕಥೆ ಬಹಳ ಜನ ಹೇಳುತ್ತಾರೆ. ಮುಂದಿನದು ಹೆಚ್ಚು ಮುಖ್ಯ.

ವರ್ಷಗಳು ಹೋದವು. ಮಾರಯ್ಯನವರಿಗೆ ವಯಸ್ಸಾಯಿತು. ಇನ್ನು ಈ ದೇಹ ಸಾಕು, ಲಿಂಗೈಕ್ಯನಾಗಬೇಕು, ಕೈಲಾಸ ಸೇರಬೇಕು ಎಂಬ ಹಂಬಲ ಹತ್ತಿತು. ಅದನ್ನು ಹೆಂಡತಿಯ ಮುಂದೆ ಹೇಳಿಕೊಂಡರು. ಲೋಕದ ರೂಢಿಯಂತೆ ಆಕೆ ಅಳಬೇಕಿತ್ತು, ಇಲ್ಲವೆ ಕೈ ಮುಗಿದು ಹೋಗಿ ಬನ್ನಿ ಅನ್ನಬೇಕಿತ್ತು. ಮಹಾದೇವಿ ಎರಡೂ ಮಾಡಲಿಲ್ಲ, ಗಂಡನನ್ನು ಪ್ರಶ್ನೆ ಮಾಡಿದರು. ಆಕೆಯ ಮಾತಿನ ಸಾರ ಹೀಗಿದೆ. ಲಿಂಗ ಅಂಗೈಯಲ್ಲಿದೆ, ಜಂಗಮ ಮನೆ ಬಾಗಿಲಿಗೆ ಬರುತ್ತಾನೆ, ದಿನವೂ ಅದೇ ಸೇವೆಯಲ್ಲಿದ್ದೀರಿ. ಇಷ್ಟಾದ ಮೇಲೆ ಹೋಗಿ ಸೇರುವುದು ಅಂದರೆ ಎಲ್ಲಿಗೆ? ಸೇರಬೇಕು ಅನ್ನುವವರೆಗೆ ನೀವು ಬೇರೆ, ಅದು ಬೇರೆ ಅಂತ ಆಯಿತಲ್ಲ. ಮಾಡಿದ ಭಕ್ತಿಗೆ ಕೈಲಾಸ ಬೇಕು ಅನ್ನುವುದು ಮಾಡಿದ ಕೆಲಸಕ್ಕೆ ಕೂಲಿ ಕೇಳಿದ ಹಾಗೆ. ರಾಜ್ಯ ಬಿಟ್ಟು ಬಂದವರು ಕೂಲಿಯ ಆಸೆ ಬಿಡಲಿಲ್ಲವೇ ಎಂಬುದು ಆಕೆಯ ಪ್ರಶ್ನೆ.

ಯೋಚನೆ ಮಾಡಿ ನೋಡಿ. ಎರಡು ಸಾವಿರ ಕಿ.ಮೀ. ಗಂಡನ ಜೊತೆ ನಡೆದು ಬಂದವಳು ಆಕೆ. ಈಗ ಗಂಡ ಕೊನೆಯ ಒಂದು ಪಯಣ ತಾನೊಬ್ಬನೇ ಹೊರಡುತ್ತೇನೆ ಅನ್ನುತ್ತಿದ್ದಾನೆ. ನನ್ನನ್ನು ಬಿಟ್ಟು ಹೋಗಬೇಡಿ ಅಂತ ಆಕೆ ಬೇಡಿಕೊಂಡಿದ್ದರೆ ಅದು ಸಂಸಾರದ ಮಾತಾಗುತ್ತಿತ್ತು. ಆಕೆ ಹೇಳಿದ್ದು ಹೋಗುವ ಜಾಗವೇ ಇಲ್ಲ, ನಾವು ತಲುಪಿಯಾಗಿದೆ ಅಂತ. ಕಲ್ಯಾಣದ ಆ ಗುಡಿಸಲು, ಆ ಒಲೆ, ಆ ಅಂಬಲಿ ಗಡಿಗೆ, ಇದಕ್ಕಿಂತ ಆಚೆ ಇನ್ನೊಂದು ಕ್ಷೇತ್ರ ಆಕೆಗೆ ಕಾಣಲಿಲ್ಲ. ಮಾರಯ್ಯನವರಿಗೆ ಮೊದಲು ಇದು ಹಿಡಿಸಿರಲಿಕ್ಕಿಲ್ಲ. ಅರಸನಾಗಿ ಅಪ್ಪಣೆ ಕೊಟ್ಟು ರೂಢಿಯಾದವರು, ಶರಣರೆಲ್ಲ ಗೌರವಿಸುವ ಹಿರಿಯರು, ಹೆಂಡತಿಯಿಂದ ತಿದ್ದಿಸಿಕೊಳ್ಳುವುದು ಸುಲಭವಲ್ಲ. ಆದರೆ ಅವರು ತಿದ್ದಿಕೊಂಡರು, ಆಕೆಯ ಮಾತಿನಿಂದ ತಮ್ಮ ಭ್ರಮೆ ಹರಿಯಿತು ಅಂತ ಒಪ್ಪಿದರು. ಈ ಸಂವಾದವನ್ನು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಸೇರಿಸಿದ್ದಾರೆ. ಅಲ್ಲಮಪ್ರಭು, ಬಸವಣ್ಣ, ಚನ್ನಬಸವಣ್ಣ, ಅಕ್ಕಮಹಾದೇವಿಯಂಥವರ ಮಾತಿನ ಸಾಲಿನಲ್ಲಿ ಕಟ್ಟಿಗೆ ಮಾರುವವನ ಹೆಂಡತಿಯ ಮಾತಿಗೂ ಜಾಗ ಸಿಕ್ಕಿದೆ.

ಇಬ್ಬರೂ ವಚನಗಳನ್ನು ಬರೆದಿದ್ದಾರೆ. ಮಾರಯ್ಯನವರ 800ಕ್ಕೂ ಹೆಚ್ಚು ವಚನಗಳು ಸಿಕ್ಕಿವೆ, ಅಂಕಿತ ನಿಃಕಳಂಕ ಮಲ್ಲಿಕಾರ್ಜುನ. ಮಹಾದೇವಿಯವರದು 70ರಷ್ಟು ಸಿಕ್ಕಿವೆ. ಆಕೆಯ ಅಂಕಿತ ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ. ಗಂಡನ ದೇವರ ಹೆಸರನ್ನು ಬಿಡಲಿಲ್ಲ, ಆದರೆ ಅದರ ಮುಂದೆ ತನ್ನದೊಂದು ಮಾತು ಸೇರಿಸಿಕೊಂಡು ಬೇರೆಯಾಗಿಯೇ ನಿಂತಳು. ರಶೀದಿಯಲ್ಲಿ ಮತ್ತು ಕುಟುಂಬ ಅಂತ ಬರೆಸಿಕೊಳ್ಳುವ ತಾಯಂದಿರು ಇದನ್ನು ಗಮನಿಸಬೇಕು. ಕರ್ನಾಟಕ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳಲ್ಲಿ ಇಬ್ಬರ ವಚನಗಳೂ ಇವೆ, ತಾಲ್ಲೂಕು ಲೈಬ್ರರಿಯಲ್ಲಿ ಕೇಳಿ ನೋಡಿ.

ಹಳೆಯ ಕಲ್ಯಾಣವೇ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ನಮ್ಮ ಕೂಡ್ಲಿಗಿಯಿಂದ ಸುಮಾರು 400 ಕಿ.ಮೀ. ಹೊಸಪೇಟೆ, ಲಿಂಗಸುಗೂರು, ಕಲಬುರಗಿ ಮೇಲೆ ಹೋಗಬೇಕು. ಮಾರಯ್ಯನವರ ಗವಿ ಇರುವುದು ಅದೇ ಜಿಲ್ಲೆಯ ಮೊಳಕೇರಾ ಎಂಬ ಹಳ್ಳಿಯಲ್ಲಿ. ಮೋಳಿಗೆ ಎಂಬ ಹೆಸರೇ ಆ ಊರಿಗೆ ಉಳಿದುಕೊಂಡಿದೆ ಅನ್ನುತ್ತಾರೆ. ಬಸವಕಲ್ಯಾಣಕ್ಕೆ ಹೋಗುವವರು ಸಾಮಾನ್ಯವಾಗಿ ಅನುಭವ ಮಂಟಪ, ಕೋಟೆ ನೋಡಿಕೊಂಡು ವಾಪಸ್ ಬಸ್ ಹತ್ತುತ್ತಾರೆ. ಅರ್ಧ ದಿನ ಹೆಚ್ಚಿಗೆ ಇಟ್ಟುಕೊಂಡು, ಹುಮನಾಬಾದಿನಲ್ಲಿ ಇಳಿದು ಮೊಳಕೇರಾಕ್ಕೆ ದಾರಿ ಕೇಳಿ. ಹೋಗುವುದಾದರೆ ಇಬ್ಬರೂ ಹೋಗಿ.