ಸೇವಕರ ಸಾಲಿನಿಂದ ಸಂತನಾದವನು: ಸಂತ ಕಮಿಲ್ಲಸ್

ಆಸ್ಪತ್ರೆಗೆ ಹೋಗಿ ಬಂದ ನಾವು ವೈದ್ಯರ ಹೆಸರನ್ನು ನೆನಪಿಡುತ್ತೇವೆ, ದಾದಿಯರ ಹೆಸರನ್ನೂ ಕೆಲವೊಮ್ಮೆ ನೆನಪಿಡುತ್ತೇವೆ. ಆದರೆ ರೋಗಿಯ ಮೈ ಒರೆಸಿದವರು, ಮಗ್ಗುಲು ಬದಲಿಸಿದವರು, ಮಲಮೂತ್ರದ ಪಾತ್ರೆಯನ್ನು ಮುಖ ಸಿಂಡರಿಸದೆ ಎತ್ತಿಕೊಂಡು ಹೋದವರು ಯಾರೆಂದು ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಆಯಾ, ವಾರ್ಡ್‌ಬಾಯ್, ಶುಶ್ರೂಷಾ ಸಹಾಯಕ ಎಂಬ ಹೆಸರುಗಳಲ್ಲಿ ದುಡಿಯುವ ಇವರ ಸಾಲಿನಿಂದಲೇ ಮೇಲೆದ್ದು ಬಂದ ಸಂತನೊಬ್ಬನಿದ್ದಾನೆ. ಪ್ರತಿವರ್ಷ ಜುಲೈ 14ರಂದು ಧರ್ಮಸಭೆಯು ಸ್ಮರಿಸುವ ಸಂತ ಕಮಿಲ್ಲಸ್ ದೆ ಲೆಲ್ಲಿಸ್‌ನೇ ಆತ.

ಕಮಿಲ್ಲಸ್ ಜನಿಸಿದ್ದು 1550ರಲ್ಲಿ, ಇಟಲಿಯ ಬುಕ್ಕಿಯಾನಿಕೊ ಎಂಬ ಊರಿನಲ್ಲಿ. ತಂದೆ ಸೈನಿಕ. ಮುಪ್ಪಿನಂಚಿನಲ್ಲಿ ಹೆತ್ತ ತಾಯಿಯು ಮಗ ಬೆಳೆದು ನಿಲ್ಲುವ ಮೊದಲೇ ತೀರಿಕೊಂಡಳು. ಅಸಾಧಾರಣ ಎತ್ತರದ, ಮುಂಗೋಪದ ಈ ಯುವಕ ತಂದೆಯ ಹಾದಿಯನ್ನೇ ಹಿಡಿದು ಸೈನಿಕನಾಗಲು ಹೊರಟನು. ತಂದೆಯಿಂದ ಬಂದ ಇನ್ನೊಂದು ಬಳುವಳಿಯೆಂದರೆ ಜೂಜಿನ ಚಟ. ಇದೇ ಕಾಲದಲ್ಲಿ ಅವನ ಕಾಲಿನಲ್ಲಿ ಕಾಣಿಸಿಕೊಂಡ ಹುಣ್ಣು ಜೀವನಪರ್ಯಂತ ಮಾಯಲೇ ಇಲ್ಲ.

ಆ ಹುಣ್ಣಿನ ಚಿಕಿತ್ಸೆಗಾಗಿಯೇ 1571ರಲ್ಲಿ ಆತ ರೋಮ್ ನಗರದ ಸಂತ ಯಕೋಬರ ಆಸ್ಪತ್ರೆಯನ್ನು ಸೇರಿದನು. ಗುಣವಾಗದ ರೋಗಿಗಳಿಗೆಂದೇ ಇದ್ದ ಆಸ್ಪತ್ರೆಯದು. ಚಿಕಿತ್ಸೆ ಪಡೆಯುತ್ತಲೇ ಅಲ್ಲಿ ಸೇವಕನಾಗಿಯೂ ದುಡಿದನು. ಆದರೆ ರೋಗಿಗಳನ್ನು ಬಿಟ್ಟು ಟೈಬರ್ ನದಿಯ ದೋಣಿಗಾರರೊಡನೆ ಇಸ್ಪೀಟಾಡಲು ಹೋಗುವವನನ್ನು ಯಾರು ತಾನೇ ಇಟ್ಟುಕೊಂಡಾರು? ಕೆಲವೇ ತಿಂಗಳುಗಳಲ್ಲಿ ಅವನನ್ನು ಹೊರಹಾಕಲಾಯಿತು. ಮುಂದೆ ವೆನಿಸ್ ಸೈನ್ಯದಲ್ಲಿ ತುರ್ಕರ ವಿರುದ್ಧ ಹೋರಾಡಿದನು. ಕೊನೆಗೆ ನೇಪಲ್ಸ್‌ನಲ್ಲಿ ಜೂಜಾಡಿ ಮೈಮೇಲಿನ ಅಂಗಿಯನ್ನೂ ಸೋತನು.

ಭಿಕ್ಷೆಗಿಳಿದಿದ್ದ ಅವನಿಗೆ ಮನ್‌ಫ್ರೆಡೋನಿಯಾದ ಕಪುಚಿನ್ ಮಠದ ಕಟ್ಟಡದಲ್ಲಿ ಕೂಲಿ ದೊರೆಯಿತು. 1575ರ ಫೆಬ್ರವರಿ 2ರಂದು, ಮಠಾಧಿಕಾರಿಯೊಬ್ಬರ ಹಿತವಚನವನ್ನು ಮೆಲುಕು ಹಾಕುತ್ತಾ ಹಾದಿಯಲ್ಲಿ ಬರುತ್ತಿದ್ದಾಗ, ಕಮಿಲ್ಲಸ್ ಮಂಡಿಯೂರಿ ಅತ್ತನು. ಮಠ ಸೇರಬೇಕೆಂಬ ಆಸೆಗೆ ಕಾಲಿನ ಹುಣ್ಣು ಅಡ್ಡಿಯಾಯಿತು. ಹಾಗಾಗಿ ತನ್ನನ್ನು ಹೊರದೂಡಿದ್ದ ಅದೇ ಆಸ್ಪತ್ರೆಗೆ ಅವನು ಮರಳಿದನು. ಈ ಸಲ ಮನಸ್ಸಿಟ್ಟು ದುಡಿದು, ಕಾಲಕ್ರಮದಲ್ಲಿ ಅಲ್ಲಿನ ಮೇಲ್ವಿಚಾರಕನಾದನು.

ಮೇಲ್ವಿಚಾರಕನಿಗೆ ಕಂಡದ್ದೇನು? ಸಂಬಳಕ್ಕಾಗಿ ಮಾತ್ರ ಬಂದ ಸೇವಕರು ರೋಗಿಗಳನ್ನು ಹಸಿವಿನಲ್ಲಿ, ಹೊಲಸಿನಲ್ಲಿ ಬಿಟ್ಟು ಹೋಗುತ್ತಿದ್ದರು. ಒಂದು ಕಾಲಕ್ಕೆ ತಾನೂ ಅಂಥವನೇ ಆಗಿದ್ದೆನೆಂಬುದನ್ನು ಅವನು ಮರೆತಿರಲಾರನು. 1582ರಲ್ಲಿ, ಕೂಲಿಗಾಗಿ ಅಲ್ಲದೆ ದೇವರ ಪ್ರೀತಿಗಾಗಿ ರೋಗಿಗಳ ಸೇವೆ ಮಾಡುವವರ ಕೂಟವೊಂದನ್ನು ಕಟ್ಟುವ ಆಲೋಚನೆ ಅವನಲ್ಲಿ ಮೂಡಿತು. ಮೂವತ್ತು ದಾಟಿದ ಆ ದೈತ್ಯದೇಹಿ ಯೇಸುಸಭೆಯವರ ಶಾಲೆಯಲ್ಲಿ ಚಿಕ್ಕ ಹುಡುಗರ ಜೊತೆ ಕುಳಿತು ಲತೀನ್ ಕಲಿತನು. 1584ರಲ್ಲಿ ಗುರುದೀಕ್ಷೆ ಪಡೆದನು.

ಕಮಿಲ್ಲಸರ ಹಿರಿಮೆ ಕೇವಲ ಕರುಣೆಯಲ್ಲಿಲ್ಲ. ಕರುಣೆಗೂ ಕ್ರಮ ಬೇಕೆಂದು ಅವರು ಅರಿತರು. ಆಸ್ಪತ್ರೆಯಲ್ಲಿ ಸೇವೆ ಮಾಡುವ ವಿಧಾನವನ್ನು ಕುರಿತು ತಮ್ಮ ಸಂಗಡಿಗರಿಗಾಗಿ ನಿಯಮಗಳನ್ನೇ ಬರೆದಿಟ್ಟರು. ತಾಯಿಯೊಬ್ಬಳು ತನ್ನ ಒಬ್ಬನೇ ಮಗನ ಕಾಯಿಲೆಯಲ್ಲಿ ಹೇಗೆ ನಡೆದುಕೊಳ್ಳುವಳೋ ಹಾಗೆ ನಡೆಯಬೇಕೆಂಬುದು ಅದರ ತಿರುಳು. ಹಾಸಿಗೆ ಹಾಸುವುದು, ಬಟ್ಟೆ ಬದಲಿಸುವುದು, ಕೈಲಾಗದವರಿಗೆ ಉಣಿಸುವುದು ಇವೆಲ್ಲ ಅವರ ಪಾಲಿಗೆ ಕಲಿತು ಮಾಡಬೇಕಾದ ಕೆಲಸಗಳು.

1586ರಲ್ಲಿ ಪೋಪ್ ಐದನೆಯ ಸಿಕ್ಸ್‌ತುಸರು ಈ ಕೂಟಕ್ಕೆ ಒಪ್ಪಿಗೆಯಿತ್ತರು. ನಿಲುವಂಗಿಯ ಮೇಲೆ ಕೆಂಪು ಶಿಲುಬೆ ಧರಿಸುವ ಅನುಮತಿಯೂ ಅದೇ ವರ್ಷ ದೊರೆಯಿತು. 1863ರಲ್ಲಿ ಜಿನೀವಾದಲ್ಲಿ ಹುಟ್ಟಿದ ರೆಡ್‌ಕ್ರಾಸ್ ಸಂಸ್ಥೆಗಿಂತ ಎರಡೂವರೆ ಶತಮಾನಕ್ಕೂ ಹಿಂದಿನ ಮಾತಿದು. 1591ರಲ್ಲಿ ಕೂಟವು ಧಾರ್ಮಿಕ ಸಭೆಯಾಯಿತು. ಬಡತನ, ಬ್ರಹ್ಮಚರ್ಯ, ವಿಧೇಯತೆಯ ಜೊತೆಗೆ ಪ್ರಾಣಾಪಾಯವಿದ್ದರೂ ರೋಗಿಗಳನ್ನು ಬಿಡುವುದಿಲ್ಲವೆಂಬ ನಾಲ್ಕನೆಯ ವ್ರತವನ್ನೂ ಈ ಸಭೆಯವರು ಸ್ವೀಕರಿಸುತ್ತಾರೆ. ಇದು ಬರಿಯ ಮಾತಾಗಿರಲಿಲ್ಲ. ಸಾಂಕ್ರಾಮಿಕ ಜ್ವರ ಬಡಿದಿದ್ದ ಹಡಗುಗಳಲ್ಲಿ ಸೇವೆಗಿಳಿದು ಸಂಗಡಿಗರು ಪ್ರಾಣ ತೆತ್ತರು. 1598ರಲ್ಲಿ ಟೈಬರ್ ನದಿ ಉಕ್ಕಿ ಆಸ್ಪತ್ರೆಗೆ ನೀರು ನುಗ್ಗಿದಾಗ ಕಮಿಲ್ಲಸರು ರೋಗಿಗಳನ್ನು ಹೊತ್ತು ಸಾಗಿಸಿದರು. ನೋವಿನ ಕಾಲನ್ನು ಎಳೆಯುತ್ತಾ ಕೊನೆಯವರೆಗೂ ರೋಗಿಗಳನ್ನು ವಿಚಾರಿಸಿದ ಅವರು 1614ರ ಜುಲೈ 14ರಂದು ರೋಮಿನಲ್ಲಿ ದೈವಾಧೀನರಾದರು. 1746ರಲ್ಲಿ ಸಂತ ಪದವಿ ದೊರೆಯಿತು. ರೋಗಿಗಳ, ಆಸ್ಪತ್ರೆಗಳ, ದಾದಿಯರ ಪಾಲಕ ಸಂತರೆಂದು ಧರ್ಮಸಭೆ ಅವರನ್ನು ಗೌರವಿಸುತ್ತದೆ. ಬೆಂಗಳೂರಿನ ಸ್ನೇಹದಾನ್ ಕೇಂದ್ರದಲ್ಲಿ ಎಚ್‌ಐವಿ ಪೀಡಿತರ ಆರೈಕೆಗೆ ಮುಂದಾದವರು ಅವರ ಸಭೆಯವರೇ.

ಇಂದು ಶುಶ್ರೂಷಾ ಸಹಾಯಕರ ಕೆಲಸಕ್ಕೂ ತರಬೇತಿ, ಪರೀಕ್ಷೆ, ಪ್ರಮಾಣಪತ್ರಗಳು ಬಂದಿವೆ. ಅಮೆರಿಕದ ಆರೈಕೆಗೃಹಗಳಲ್ಲಿ ದುಡಿಯುವವರಿಗೆ ಕನಿಷ್ಠ 75 ಗಂಟೆಗಳ ತರಬೇತಿ ಇರಬೇಕೆಂದು ಅಲ್ಲಿನ 1987ರ ಕಾನೂನು ವಿಧಿಸಿತು. ನಮ್ಮ ದೇಶದಲ್ಲೂ ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬ ಹೆಸರಿನ ಶಿಕ್ಷಣವಿದೆ. ಇದು ಸ್ವಾಗತಾರ್ಹ. ಪ್ರೀತಿಯಿದ್ದೂ ರೋಗಿಯನ್ನು ಎತ್ತುವ ಬಗೆ ತಿಳಿಯದವರು ನೋವನ್ನೇ ಉಂಟುಮಾಡಿಯಾರು. ಆದರೆ ಪ್ರಮಾಣಪತ್ರ ಕೈಯಲ್ಲಿದ್ದು ಮನಸ್ಸು ದೋಣಿಗಾರರ ಇಸ್ಪೀಟಿನಲ್ಲಿದ್ದರೆ ರೋಗಿಗೆ ಏನು ಲಾಭ? ಎರಡೂ ಕೂಡಿಬರಬೇಕು. ಹಾಗೆ ಕೂಡಿಬಂದಲ್ಲಿ ತಕ್ಕ ಸಂಬಳವನ್ನೂ ಗೌರವವನ್ನೂ ಕೊಡುವ ಹೊಣೆ ಸಮಾಜದ್ದು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ, ನಮ್ಮವರ ಹಾಸಿಗೆ ಸರಿಪಡಿಸುವವರ ಹೆಸರನ್ನಾದರೂ ಕೇಳಿ ತಿಳಿಯೋಣ.