ಜಾನ್ ವೆಸ್ಲಿಯವರೂ ಅವರ ದಿನಚರಿ ಪುಸ್ತಕವೂ

ವರುಷವು ತಿರುಗುವ ಕಾಲದಲ್ಲಿ ರಾಯಚೂರಿನ ಪೇಟೆಗೆ ಹೋದವರು ಅಂಗಡಿಗಳಲ್ಲಿ ಹೊಸ ಡೈರಿಗಳೂ ಗೋಡೆಗೆ ತೂಗುಹಾಕುವ ಕ್ಯಾಲೆಂಡರುಗಳೂ ಮಾರಲ್ಪಡುವದನ್ನು ನೋಡಿರುವರು. ದೇವದುರ್ಗ ಮಾನ್ವಿಗಳ ಹಳ್ಳಿಗಳಲ್ಲಿ ಡೈರಿಯಿಲ್ಲದ ಮನೆಗಳು ಅನೇಕವಿದ್ದರೂ ಲೆಕ್ಕವಿಲ್ಲದ ಮನೆಯು ಒಂದೂ ಇಲ್ಲ. ಒಬ್ಬನು ಕಾಲುವೆಯ ನೀರಿನ ಸರದಿಯನ್ನು ಕ್ಯಾಲೆಂಡರಿನ ಅಂಕೆಯ ಕೆಳಗೆ ಗುರುತುಮಾಡುತ್ತಾನೆ; ಒಬ್ಬಳು ಸಂಘಕ್ಕೆ ಹಣ ಕಟ್ಟಬೇಕಾದ ದಿವಸಕ್ಕೆ ಸುತ್ತು ಹಾಕುತ್ತಾಳೆ; ಮತ್ತೊಬ್ಬನು ಹತ್ತಿ ಬಿಡಿಸಿದವರ ಕೂಲಿಯ ಲೆಕ್ಕವನ್ನು ಮಕ್ಕಳ ಹಳೆಯ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯುತ್ತಾನೆ. ಹೀಗಿರಲಾಗಿ, ತನ್ನ ಜೀವಮಾನದ ಗಳಿಗೆಗಳನ್ನು ಕಾಗದದ ಮೇಲೆ ಬರೆದಿಟ್ಟು, ಆ ಕಾಗದದ ಗೆರೆಗಳನ್ನು ಮೇಲಿಂದ ಮೇಲೆ ಬದಲಾಯಿಸಿದ ಒಬ್ಬ ದೇವಸೇವಕರ ಚರಿತ್ರೆಯನ್ನು ಈ ತಿಂಗಳು ತಿಳಿಸುವದು ಉಚಿತವೆಂದು ಎಣಿಸಿದ್ದೇವೆ. ಅವರು ಯಾರಂದರೆ ಜಾನ್ ವೆಸ್ಲಿಯವರು. ಮೆಥೊಡಿಸ್ಟರೆಂಬ ಹೆಸರನ್ನು ನಮ್ಮ ಸೀಮೆಯ ಸಭೆಗಳಲ್ಲಿ ಕೇಳದವರಿಲ್ಲ. ಆದರೆ ಆ ಹೆಸರು ಮೊದಲು ಒಂದು ದಿನಚರಿಯ ಕ್ರಮವನ್ನು ನೋಡಿ ನಕ್ಕವರ ಬಾಯಿಂದ ಬಂದದ್ದೆಂದು ಬಲ್ಲವರು ಕೆಲವರೇ.

ವೆಸ್ಲಿಯವರು 1703ನೆಯ ಇಸವಿ ಜೂನ್ ತಿಂಗಳಲ್ಲಿ ಇಂಗ್ಲೆಂಡ್ ದೇಶದ ಲಿಂಕನ್‌ಷೈರ್ ಸೀಮೆಯ ಎಪ್‌ವರ್ತ್ ಎಂಬ ಊರಲ್ಲಿ ಹುಟ್ಟಿದರು. ತಂದೆಯಾದ ಸಾಮ್ಯುವೆಲ್ ವೆಸ್ಲಿಯವರು ಆ ಊರಿನ ಸಭಾಪಾಲಕರು. ತಾಯಿಯಾದ ಸುಸಾನಮ್ಮನವರು ಹತ್ತೊಂಬತ್ತು ಮಕ್ಕಳನ್ನು ಹೆತ್ತರು. ಅವರಲ್ಲಿ ಅನೇಕರು ಶಿಶುಗಳಾಗಿದ್ದಾಗಲೇ ತೀರಿಹೋದರು. 1709ರಲ್ಲಿ ಒಂದು ರಾತ್ರಿ ಮನೆಗೆ ಬೆಂಕಿ ಬಿದ್ದಾಗ ಐದು ವರುಷದ ಜಾನನು ಮೇಲಿನ ಕೋಣೆಯಲ್ಲಿ ಸಿಕ್ಕಿಕೊಂಡನು. ನೆರೆಯವನೊಬ್ಬನು ಮತ್ತೊಬ್ಬನ ಹೆಗಲ ಮೇಲೆ ನಿಂತು ಕಿಟಕಿಯಿಂದ ಅವನನ್ನು ಎಳೆದುಕೊಂಡನು. ಆ ಕೂಡಲೇ ಮೇಲ್ಚಾವಣಿಯು ಕುಸಿದು ಬಿತ್ತು. ಕರ್ತನು ಈ ಮಗುವನ್ನು ಯಾವದೋ ಕಾರ್ಯಕ್ಕಾಗಿ ಉಳಿಸಿದ್ದಾನೆಂದು ತಾಯಿಯು ಅಂದಿನಿಂದ ಮನಸ್ಸಿನಲ್ಲಿಟ್ಟುಕೊಂಡರು.

ಆ ತಾಯಿಯ ಮನೆಯು ಸಾಲದಿಂದಲೂ ಬಡತನದಿಂದಲೂ ಕೂಡಿದ್ದರೂ ಕ್ರಮವಿಲ್ಲದ ಮನೆಯಾಗಿರಲಿಲ್ಲ. ಮಕ್ಕಳ ಗುಂಪಿನಲ್ಲಿ ಒಂದೊಂದು ಮಗುವಿನ ಆತ್ಮವೂ ಮರೆತುಹೋಗಬಾರದೆಂದು ಅವರು ವಾರದ ಸಾಯಂಕಾಲಗಳನ್ನು ಮಕ್ಕಳಿಗೆ ಹಂಚಿದರು. ಸೋಮವಾರ ಒಬ್ಬ ಮಗಳೊಡನೆ, ಮಂಗಳವಾರ ಮತ್ತೊಬ್ಬಳೊಡನೆ ಏಕಾಂತವಾಗಿ ಕುಳಿತು ದೇವರ ಸಂಗತಿಗಳನ್ನು ಮಾತಾಡುವರು. ಗುರುವಾರವು ಜಾನನ ಪಾಲಿಗೆ ಬಂದಿತ್ತು. ದೊಡ್ಡವರಾದ ಮೇಲೆಯೂ ವೆಸ್ಲಿಯವರು ಆ ಗುರುವಾರದ ಸಾಯಂಕಾಲವನ್ನು ಮರೆಯಲಿಲ್ಲ. ಕಾಲವನ್ನು ವಿಂಗಡಿಸುವ ವಿದ್ಯೆಯನ್ನು ಅವರು ಮೊದಲು ಕಲಿತದ್ದು ಪುಸ್ತಕದಿಂದಲ್ಲ, ತಾಯಿಯ ಮಗ್ಗುಲಲ್ಲಿಯೇ.

1720ರಲ್ಲಿ ಅವರು ಆಕ್ಸ್‌ಫರ್ಡ್ ವಿದ್ಯಾಲಯವನ್ನು ಸೇರಿದರು. 1725ರಲ್ಲಿ, ದೀಕ್ಷೆ ಹೊಂದುವದಕ್ಕೆ ಸಿದ್ಧರಾಗುತ್ತಿದ್ದಾಗ, ಜೆರೆಮಿ ಟೇಲರ್ ಎಂಬ ಸಭಾಧ್ಯಕ್ಷರು ಪರಿಶುದ್ಧ ಜೀವಿತವನ್ನು ಕುರಿತು ಬರೆದ ಗ್ರಂಥವು ಅವರ ಕೈಗೆ ಬಂತು. ಕಾಲವನ್ನು ಜಾಗ್ರತೆಯಿಂದ ವೆಚ್ಚಮಾಡಬೇಕೆಂಬ ಬೋಧನೆಯನ್ನು ಅದರಲ್ಲಿ ಓದಿ ಅವರ ಮನಸ್ಸು ಚುಚ್ಚಲ್ಪಟ್ಟಿತು. ಆ ವರುಷವೇ ಅವರು ಒಂದು ಚಿಕ್ಕ ದಿನಚರಿ ಪುಸ್ತಕವನ್ನು ಬರೆಯತೊಡಗಿದರು. ಅನ್ಯರು ಓದಬಾರದೆಂದು ಮಾತುಗಳನ್ನು ಮೊಟಕುಮಾಡಿ, ಗುಪ್ತವಾದ ಗುರುತುಗಳನ್ನು ಇಟ್ಟು ಬರೆದರು. ಮೊದಲಿನ ಕ್ರಮವು ಬಹಳ ಸರಳವಾಗಿತ್ತು. ದಿನಕ್ಕೆ ಕೆಲವು ಸಾಲುಗಳು ಮಾತ್ರ: ಏನನ್ನು ಓದಿದೆನು, ಯಾರನ್ನು ಕಂಡೆನು, ಯಾವ ತಪ್ಪಿನಲ್ಲಿ ಬಿದ್ದೆನು ಎಂಬಿಷ್ಟೇ.

1729ರಲ್ಲಿ ವೆಸ್ಲಿಯವರೂ ಅವರ ತಮ್ಮನಾದ ಚಾರ್ಲ್ಸರೂ ಇನ್ನು ಕೆಲವು ಸ್ನೇಹಿತರೂ ಕೂಡಿ ಸತ್ಯವೇದವನ್ನು ಓದುವದಕ್ಕೂ ಪ್ರಾರ್ಥಿಸುವದಕ್ಕೂ ಸೇರತೊಡಗಿದರು. ಮುಂದಿನ ವರುಷ ವಿಲಿಯಂ ಮಾರ್ಗನ್ ಎಂಬ ಸ್ನೇಹಿತನ ಪ್ರೇರಣೆಯಿಂದ ಸೆರೆಮನೆಗೆ ಹೋಗಿ ಕೈದಿಗಳನ್ನು ಕಂಡು, ಬಡವರ ಮಕ್ಕಳಿಗೆ ಪಾಠ ಹೇಳಿದರು. ಇವರ ಕಾಲಕ್ರಮವನ್ನು ನೋಡಿದ ಇತರ ವಿದ್ಯಾರ್ಥಿಗಳು ಇವರು ಕ್ರಮದವರು, ಕಟ್ಟಳೆಯವರು ಎಂದು ಹಾಸ್ಯಮಾಡಿ ಮೆಥೊಡಿಸ್ಟರೆಂದು ಕರೆದರು. ಆಗ ದಿನಚರಿಯ ರೂಪವೂ ಬದಲಾಯಿತು. ವಾರದ ಒಂದೊಂದು ದಿವಸಕ್ಕೆ ಒಂದೊಂದು ಸದ್ಗುಣವನ್ನು ನೇಮಿಸಿ, ಆ ಗುಣದ ವಿಷಯದಲ್ಲಿ ತಮ್ಮನ್ನು ತಾವೇ ಕೇಳಿಕೊಳ್ಳತಕ್ಕ ಪ್ರಶ್ನೆಗಳನ್ನು ಪಟ್ಟಿಮಾಡಿದರು. ಭಾನುವಾರಕ್ಕೆ ದೇವರ ಪ್ರೀತಿ, ಸೋಮವಾರಕ್ಕೆ ನೆರೆಯವನ ಪ್ರೀತಿ, ಮಂಗಳವಾರಕ್ಕೆ ದೀನತೆ, ಹೀಗೆ ಶನಿವಾರದ ಕೃತಜ್ಞತೆಯ ವರೆಗೂ ಕ್ರಮವಿತ್ತು. 1733ರಲ್ಲಿ ಅಚ್ಚಾದ ಅವರ ಮೊದಲನೆಯ ಪುಸ್ತಕವು ವಾರದ ಪ್ರತಿದಿನಕ್ಕೆ ತಕ್ಕ ಪ್ರಾರ್ಥನೆಗಳ ಸಂಗ್ರಹವೇ; ಆ ಪ್ರಶ್ನೆಗಳೂ ಅದರಲ್ಲಿ ಸೇರಿದ್ದವು.

ಇದೂ ಸಾಲದೆಂದು ಅವರಿಗೆ ತೋರಿತು. 1734ರ ಆದಿಯಲ್ಲಿ ಅವರು ಪುಸ್ತಕದ ಗೆರೆಗಳನ್ನು ಸಂಪೂರ್ಣವಾಗಿ ಮಾರ್ಪಡಿಸಿದರು. ಈಗ ಒಂದು ಪುಟವು ಒಂದು ದಿವಸಕ್ಕೆ ಮೀಸಲಾಯಿತು. ಒಂದೊಂದು ಘಂಟೆಗೆ ಸಾಲು. ಪುಟದ ಉದ್ದಕ್ಕೂ ಕಂಬಸಾಲುಗಳು. ಒಂದು ಸಾಲಿನಲ್ಲಿ ಆ ಘಂಟೆಯಲ್ಲಿ ಮಾಡಿದ ಕೆಲಸ. ಮತ್ತೊಂದರಲ್ಲಿ ಆಗ ಭಕ್ತಿಯು ಎಷ್ಟು ಬಿಸಿಯಾಗಿತ್ತೆಂದು ಒಂದರಿಂದ ಒಂಬತ್ತರ ವರೆಗಿನ ಒಂದು ಅಂಕೆ. ಇನ್ನೊಂದರಲ್ಲಿ ನಡುನಡುವೆ ಮಾಡಿದ ಸಣ್ಣ ಪ್ರಾರ್ಥನೆಗಳ ಗುರುತು. ಮತ್ತೊಂದರಲ್ಲಿ ಯಾವ ನಿಶ್ಚಯವು ಕಾಪಾಡಲ್ಪಟ್ಟಿತು, ಯಾವದು ಮುರಿಯಲ್ಪಟ್ಟಿತು ಎಂಬ ಲೆಕ್ಕ. ದಿವಸದ ಕೊನೆಗೆ ದೇವರಿಂದ ಹೊಂದಿದ ಕೃಪೆಗಳ ಸ್ಮರಣೆ. ಬೆಂಜಮಿನ್ ಇಂಗ್ಯಾಮ್ ಮೊದಲಾದ ಸ್ನೇಹಿತರೂ ಇದೇ ರೀತಿಯಾಗಿ ಪುಸ್ತಕವನ್ನು ಇಡಲು ಕಲಿತರು. ಸಾಹುಕಾರನ ರೋಜುಕೀರ್ದಿಯು ಒಂದು ಕಾಸನ್ನೂ ಬಿಡದಂತೆ ಆ ಪುಸ್ತಕವು ಒಂದು ಘಂಟೆಯನ್ನೂ ಬಿಡುತ್ತಿರಲಿಲ್ಲ.

ವಾಚಕರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಇಷ್ಟು ಜಾಗರೂಕತೆಯಿಂದ ಬಾಳಿದ ಯೌವನಸ್ಥನು ನಮ್ಮಲ್ಲಿ ಎಷ್ಟು ಮಂದಿ? ಆತನನ್ನು ನಿಂದಿಸುವದಕ್ಕೆ ನಮಗೆ ಬಾಯಿಲ್ಲ. ಆದರೂ ಆ ಅಂಕೆಗಳು ಅವರಿಗೆ ಸಮಾಧಾನವನ್ನು ಕೊಡಲಿಲ್ಲ. ಥರ್ಮಾಮೀಟರು ಜ್ವರವನ್ನು ತೋರಿಸುವದೇ ಹೊರತು ಜ್ವರವನ್ನು ಬಿಡಿಸಲಾರದು. ಗೆರೆಗಳು ಹೆಚ್ಚಿದಷ್ಟೂ ಮುರಿದ ನಿಶ್ಚಯಗಳು ಸ್ಪಷ್ಟವಾಗಿ ಕಂಡವು.

1735ರ ಅಕ್ಟೋಬರದಲ್ಲಿ ಅವರು ಅಮೇರಿಕದ ಜಾರ್ಜಿಯ ಎಂಬ ಹೊಸ ಸೀಮೆಗೆ ಬೋಧಕರಾಗಿ ಹಡಗು ಹತ್ತಿದರು. 1736ರ ಜನವರಿಯಲ್ಲಿ ದೊಡ್ಡ ಬಿರುಗಾಳಿಯೆದ್ದು ಸಮುದ್ರದ ನೀರು ಹಡಗಿನ ಮೇಲೆ ಹರಿದಾಗ ಇತರರು ಕೂಗಿಕೊಂಡರು. ಆದರೆ ಮೊರೇವಿಯ ಸಭೆಯ ಜರ್ಮನ್ ವಿಶ್ವಾಸಿಗಳು, ಅವರ ಹೆಂಗಸರೂ ಮಕ್ಕಳೂ ಸಹ, ಹೆದರದೆ ಹಾಡುತ್ತಾ ಇದ್ದರು. ವೆಸ್ಲಿಯವರು ತಮಗೆ ಮರಣದ ಭಯವಿದೆಯೆಂದು ಆಗ ಕಂಡುಕೊಂಡರು. ಆ ಬಡ ಜನರಲ್ಲಿದ್ದ ನಂಬಿಕೆಯು ತಮ್ಮ ಪುಸ್ತಕದ ಯಾವ ಸಾಲಿನಲ್ಲಿಯೂ ಇರಲಿಲ್ಲ. ಜಾರ್ಜಿಯದಲ್ಲಿದ್ದಾಗ ಅವರು ಜಾನ್ ಬೈರಮ್ ಎಂಬವರು ಕಲ್ಪಿಸಿದ ಶೀಘ್ರಲಿಪಿಯನ್ನು ತಮ್ಮ ದಿನಚರಿಯಲ್ಲಿ ಉಪಯೋಗಿಸತೊಡಗಿದರು. ಹೀಗೆ ಪುಸ್ತಕವು ಮತ್ತೊಂದು ಸಾರಿ ವೇಷ ಬದಲಾಯಿಸಿತು. ಆದರೆ ಕೆಲಸವು ಕೈಗೂಡಲಿಲ್ಲ. ಕಟ್ಟಳೆಗಳನ್ನು ಜನರ ಮೇಲೆ ಕಠಿಣವಾಗಿ ಹೊರಿಸಿದ್ದರಿಂದ ವಿರೋಧವೆದ್ದು, 1737ರ ಕೊನೆಗೆ ಅವರು ಸೋತವರಾಗಿ ಹಿಂದಿರುಗಿದರು.

1738ನೆಯ ಇಸವಿ ಮೇ 24ನೆಯ ತಾರೀಖು ಸಾಯಂಕಾಲ ಅವರು ಮನಸ್ಸಿಲ್ಲದ ಮನಸ್ಸಿನಿಂದ ಲಂಡನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಹೋದರು. ಅಲ್ಲಿ ಒಬ್ಬನು ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರರು ಬರೆದ ಪೀಠಿಕೆಯನ್ನು ಓದುತ್ತಿದ್ದನು. ಒಂಬತ್ತು ಘಂಟೆಗೆ ಕಾಲು ಘಂಟೆ ಮುಂಚೆ, ಕ್ರಿಸ್ತನು ತನ್ನ ಪಾಪಗಳನ್ನು ತಾನೇ ಹೊತ್ತು ತೀರಿಸಿದ್ದಾನೆಂಬ ಭರವಸವು ವೆಸ್ಲಿಯವರ ಹೃದಯದಲ್ಲಿ ಬೆಚ್ಚಗೆ ಹುಟ್ಟಿತು. ಗಡಿಯಾರವನ್ನು ನೋಡುವ ವಾಡಿಕೆಯು ಆ ಗಳಿಗೆಯಲ್ಲಿಯೂ ಅವರನ್ನು ಬಿಡಲಿಲ್ಲವೆಂಬದನ್ನು ಗಮನಿಸಿರಿ. ಅವರು ಪುಸ್ತಕವನ್ನು ಬೆಂಕಿಗೆ ಹಾಕಲಿಲ್ಲ. ಅದರ ಸ್ಥಾನವು ಮಾತ್ರ ಬದಲಾಯಿತು. ಮೊದಲು ಅದು ನ್ಯಾಯಾಧಿಪತಿಯಾಗಿತ್ತು, ಈಗ ಸೇವಕನಾಯಿತು.

1739ರ ಏಪ್ರಿಲಿನಲ್ಲಿ ಅವರು ಬ್ರಿಸ್ಟಲ್ ಊರಲ್ಲಿ ಬೈಲಿನಲ್ಲಿ ನಿಂತು ಬಡವರಿಗೆ ಸುವಾರ್ತೆಯನ್ನು ಸಾರಿದರು. 1742ರಲ್ಲಿ ಅದೇ ಊರಲ್ಲಿ, ಪ್ರಾರ್ಥನಾ ಮಂದಿರದ ಸಾಲವನ್ನು ತೀರಿಸುವದಕ್ಕಾಗಿ ಸುಮಾರು ಹನ್ನೆರಡು ಮಂದಿಗೆ ಒಬ್ಬ ನಾಯಕನಂತೆ ನೇಮಿಸಿ, ಆತನು ವಾರಕ್ಕೊಮ್ಮೆ ಪ್ರತಿಯೊಬ್ಬನಿಂದ ಒಂದು ಪೆನ್ನಿಯನ್ನು ಕೂಡಿಸಬೇಕೆಂದು ಗೊತ್ತುಮಾಡಿದರು. ಮನೆಮನೆಗೆ ಹೋದ ನಾಯಕರು ಹಣವನ್ನು ಮಾತ್ರವಲ್ಲದೆ ಜನರ ಕಷ್ಟಗಳನ್ನೂ ಬೀಳುವಿಕೆಗಳನ್ನೂ ಕಂಡುಬಂದರು. ಹೀಗೆ ಕ್ಲಾಸು ಕೂಟಗಳು ಹುಟ್ಟಿದವು. ನಾಯಕನ ಕೈಯಲ್ಲಿ ಒಂದು ಹೆಸರುಪಟ್ಟಿ ಇರುತ್ತಿತ್ತು. ಆದರೆ ಅದರ ಸಾಲುಗಳಲ್ಲಿ ಇದ್ದದ್ದು ತನ್ನ ಭಕ್ತಿಯ ಅಂಕೆಯಲ್ಲ, ನೆರೆಯವನ ಹೆಸರು. ಗೆರೆಗಳ ಬದಲಾವಣೆಗಳಲ್ಲೆಲ್ಲಾ ಇದೇ ದೊಡ್ಡದೆಂದು ನಮಗೆ ತೋರುತ್ತದೆ.

ಆದರೂ ಈ ದೊಡ್ಡವರಲ್ಲಿ ಕೊರತೆ ಇರಲಿಲ್ಲವೆಂದು ಹೇಳಿದರೆ ಸುಳ್ಳಾಗುವದು. 1751ರಲ್ಲಿ ಅವರು ಮೇರಿ ವಾಜೀಲ್ ಎಂಬ ವಿಧವೆಯನ್ನು ಮದುವೆಯಾದರು. ಪ್ರಯಾಣಗಳಿಗೂ ಪ್ರಸಂಗಗಳಿಗೂ ಹಂಚಿಹೋದ ಅವರ ದಿವಸಗಳಲ್ಲಿ ಮನೆಗೆ ಸಾಕಷ್ಟು ಪಾಲು ಸಿಕ್ಕಲಿಲ್ಲ; ಅನುಮಾನವೂ ಜಗಳವೂ ಬೆಳೆದು ಆಕೆಯು ಅಗಲಿಹೋದಳು. 1781ರಲ್ಲಿ ಆಕೆಯು ತೀರಿಕೊಂಡಾಗ, ಹೂಣಿಟ್ಟು ಒಂದೆರಡು ದಿವಸಗಳಾದ ಮೇಲೆ ಮಾತ್ರ ಆ ಸುದ್ದಿಯು ಗಂಡನಿಗೆ ತಿಳಿಯಿತು. ಘಂಟೆಘಂಟೆಯ ಲೆಕ್ಕವಿಟ್ಟವರ ಮನೆಯಲ್ಲಿ ಇಂಥದು ನಡೆಯಿತು.

1741ರಿಂದ 1782ರ ವರೆಗಿನ ಅವರ ದಿನಚರಿಗಳು ಈಗ ದೊರೆಯುವದಿಲ್ಲ. 1740ರಿಂದ ಅವರು ಅಚ್ಚುಮಾಡಿಸುತ್ತಾ ಬಂದ ಜರ್ನಲು ಬೇರೆ, ಈ ಗುಪ್ತ ದಿನಚರಿಯು ಬೇರೆ. 1782ರ ಕೊನೆಯಿಂದ 1791ರ ವರೆಗಿನ ಕಡೆಯ ಪುಸ್ತಕವು ಉಳಿದಿದೆ. ಅದರಲ್ಲಿ ಒಂದರಿಂದ ಒಂಬತ್ತರ ಅಂಕೆಗಳಿಲ್ಲ. ನಾಲ್ಕು ಘಂಟೆಗೆ ಎದ್ದದ್ದು, ಪ್ರಾರ್ಥನೆ, ಕಾಗದಗಳು, ಚಹಾ, ಪ್ರಸಂಗ, ಬಂಡಿಯ ಪ್ರಯಾಣ, ಕಂಡವರ ಸಂಗಡ ಮಾತು, ಇವೇ ಸಣ್ಣ ಸಣ್ಣ ಮಾತುಗಳಲ್ಲಿ ಬರೆದಿವೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನೆಹೆಮಾಯ ಕರ್ನಾಕ್ ಎಂಬವರು ಬಹಳ ಪ್ರಯಾಸಪಟ್ಟು ಆ ಗುಪ್ತ ಗುರುತುಗಳ ಬೀಗವನ್ನು ತೆರೆದು, 1909ರಿಂದ ಅವುಗಳನ್ನು ಲೋಕಕ್ಕೆ ಪ್ರಕಟಮಾಡಿದರು.

ಹಣದ ಲೆಕ್ಕವನ್ನೂ ಅವರು ಕ್ರಮದಿಂದಲೇ ಇಡುತ್ತಿದ್ದರು. ವರುಷಕ್ಕೆ 30 ಪೌಂಡು ಬಂದಾಗ 28ರಲ್ಲಿ ಬಾಳಿ 2ನ್ನು ದಾನಮಾಡಿದ ಒಬ್ಬ ಯೌವನಸ್ಥನು, ವರಮಾನವು 60 ಆದಾಗಲೂ ಅದೇ 28ರಲ್ಲಿ ಬಾಳಿ ಮಿಕ್ಕ 32ನ್ನು ಬಡವರಿಗೆ ಕೊಟ್ಟನೆಂದು ಅವರು ಒಂದು ಪ್ರಸಂಗದಲ್ಲಿ ತಿಳಿಸಿದರು. ಆ ಯೌವನಸ್ಥನು ಅವರೇ ಎಂದು ಚರಿತ್ರೆಕಾರರು ತಿಳಿಯುತ್ತಾರೆ. 1790ರಲ್ಲಿ ಕೈ ನಡುಗುತ್ತಿರಲಾಗಿ, ಇನ್ನು ಮುಂದೆ ಲೆಕ್ಕವನ್ನು ಬರೆಯುವದಿಲ್ಲವೆಂದೂ, ಉಳಿಸಬಹುದಾದದ್ದನ್ನೆಲ್ಲಾ ಉಳಿಸಿ ಕೊಡಬಹುದಾದದ್ದನ್ನೆಲ್ಲಾ ಕೊಡುತ್ತಿರುವದು ಸಾಕೆಂದೂ ಬರೆದು ಆ ಪುಸ್ತಕವನ್ನು ಮುಚ್ಚಿದರು. 1791ರ ಫೆಬ್ರವರಿ 24ರಂದು, ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ಹೋರಾಡುತ್ತಿದ್ದ ವಿಲ್ಬರ್‌ಫೋರ್ಸರಿಗೆ ಧೈರ್ಯ ಹೇಳುವ ಕಾಗದವನ್ನು ಬರೆದರು. ಮಾರ್ಚ್ 2ರಂದು, ತಮ್ಮ 87ನೆಯ ವಯಸ್ಸಿನಲ್ಲಿ, ಲಂಡನಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ಅವರ ಮರಣಪತ್ರದಲ್ಲಿ ಹೇಳಿದ್ದಂತೆ ಆರು ಮಂದಿ ಬಡವರು ತಲಾ ಒಂದು ಪೌಂಡು ಹೊಂದಿ ಶರೀರವನ್ನು ಹೊತ್ತರು.

ನಾವೂ ಒಂದು ಸಂಗತಿಯನ್ನು ಅರಿಕೆಮಾಡುತ್ತೇವೆ. ಕೆಲವು ವರುಷಗಳ ಹಿಂದೆ ನಾವು ಸಹ ಹೊಸ ಡೈರಿಯಲ್ಲಿ ಕೆಂಪು ಶಾಯಿಯಿಂದ ಗೆರೆಗಳನ್ನೆಳೆದು, ಓದಿದ ಅಧ್ಯಾಯಗಳಿಗೂ ಪ್ರಾರ್ಥನೆಯ ಹೊತ್ತಿಗೂ ಪ್ರಸಂಗಗಳಿಗೂ ಒಂದೊಂದು ಸಾಲನ್ನು ಮಾಡಿದೆವು. ಸಾಲುಗಳೆಲ್ಲಾ ತುಂಬುತ್ತಾ ಬಂದದ್ದರಿಂದ ನಮಗೆ ಒಳಗೊಳಗೇ ಸಂತೋಷ. ಆದರೆ ಮಾನ್ವಿಯ ಕಡೆಯ ಒಂದು ಹಳ್ಳಿಯಲ್ಲಿ ಜ್ವರದಿಂದ ಮಲಗಿದ್ದ ಒಬ್ಬ ಮುದುಕಮ್ಮನಿಗೆ ಬರುವ ವಾರ ಬಂದು ಪ್ರಾರ್ಥಿಸುವೆವೆಂದು ಕೊಟ್ಟ ಮಾತಿಗೆ ಆ ಪುಸ್ತಕದಲ್ಲಿ ಸಾಲಿರಲಿಲ್ಲ. ನಾವು ಹೋಗಿ ಮುಟ್ಟಿದಾಗ ಆಕೆಯನ್ನು ಮಣ್ಣುಮಾಡಿ ಮೂರು ದಿವಸಗಳಾಗಿದ್ದವು. ಆಕೆಯು ಕೊನೆಯ ವರೆಗೂ ಬಾಗಿಲ ಕಡೆಗೆ ನೋಡುತ್ತಿದ್ದಳೆಂದು ಮನೆಯವರು ಹೇಳಿದರು. ಅಂದು ರಾತ್ರಿ ನಾವು ಆ ಗೆರೆಗಳನ್ನು ಹೊಡೆದುಹಾಕಿದೆವು. ಈಗ ನಮ್ಮ ಪುಸ್ತಕದ ಪುಟದಲ್ಲಿ ಎರಡೇ ಭಾಗಗಳಿವೆ: ಯಾರಿಗೆ ಮಾತು ಕೊಟ್ಟೆವು ಎಂಬದೊಂದು, ಕರ್ತನು ಇಂದು ಏನು ಕೊಟ್ಟನು ಎಂಬದೊಂದು.

ಆದಕಾರಣ ಪ್ರಿಯರೇ, ಬರೆಯಬಲ್ಲವರು ಬರೆಯಿರಿ. ಬರೆಯಲಾರದವರು ಮಕ್ಕಳಿಂದ ಬರೆಯಿಸಿರಿ. ಸಾಲವನ್ನೂ ಕೂಲಿಯನ್ನೂ ನೀರಿನ ಸರದಿಯನ್ನೂ ಗುರುತಿಟ್ಟುಕೊಳ್ಳುವಂತೆಯೇ, ನೋಡಬೇಕಾದ ರೋಗಿಯ ಹೆಸರನ್ನೂ ಸಮಾಧಾನವಾಗಬೇಕಾದ ನೆರೆಯವನ ಹೆಸರನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ನಿಮ್ಮ ಮನೆಯವರ ಪಾಲಿನ ಸಾಯಂಕಾಲವನ್ನು ಸುಸಾನಮ್ಮನವರಂತೆ ಪ್ರತ್ಯೇಕವಾಗಿಡಿರಿ. ಗೆರೆಯು ತಪ್ಪಾಗಿದ್ದರೆ ಬದಲಾಯಿಸುವದಕ್ಕೆ ನಾಚಬೇಡಿರಿ. ಆದರೆ ತುಂಬಿದ ಪುಟವನ್ನು ನೋಡಿ ನೀತಿವಂತರೆಂದು ಉಬ್ಬಬೇಡಿರಿ. ಬರಿದಾದ ಪುಟವನ್ನು ನೋಡಿ ತಳ್ಳಲ್ಪಟ್ಟೆವೆಂದು ಕುಂದಬೇಡಿರಿ. ನಮ್ಮ ಸಾಲದ ಪತ್ರವು ಶಿಲುಬೆಯ ಮೇಲೆ ಹರಿಯಲ್ಪಟ್ಟಿದೆ. ನಮ್ಮ ದಿವಸಗಳನ್ನು ಎಣಿಸಿ ಜ್ಞಾನವುಳ್ಳವರಾಗುವ ಕೃಪೆಯನ್ನು ಕರ್ತನು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೆನ್.