ಶಿವರಾಮಕೃಷ್ಣ ಚಂದ್ರಶೇಖರ್

ಶಿವರಾಮಕೃಷ್ಣ ಚಂದ್ರಶೇಖರ್ (೬ ಆಗಸ್ಟ್ ೧೯೩೦ – ೮ ಮಾರ್ಚ್ ೨೦೦೪) ದ್ರವ ಸ್ಫಟಿಕಗಳ ಅಧ್ಯಯನಕ್ಕೆ ಹೆಸರಾದ ಭಾರತೀಯ ಭೌತವಿಜ್ಞಾನಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೂ ಅವರು ಈ ಕ್ಷೇತ್ರದ ಸಂಶೋಧನೆಯನ್ನು ಕಟ್ಟಿ ಬೆಳೆಸಿದರು. ತಟ್ಟೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗಬಲ್ಲವೆಂದು ೧೯೭೭ರಲ್ಲಿ ತೋರಿಸಿಕೊಟ್ಟದ್ದು ಅವರ ತಂಡದ ಪ್ರಮುಖ ಸಾಧನೆ. ನಕ್ಷತ್ರಗಳ ಅಧ್ಯಯನಕ್ಕಾಗಿ ನೊಬೆಲ್ ಪ್ರಶಸ್ತಿ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಬೇರೆಯವರು. ಆದರೆ ಇಬ್ಬರೂ ಸಿ. ವಿ. ರಾಮನ್ ಅವರ ಸಮೀಪ ಬಂಧುಗಳು.

ಆರಂಭಿಕ ಜೀವನ ಮತ್ತು ಶಿಕ್ಷಣ

ಚಂದ್ರಶೇಖರ್ ಕಲ್ಕತ್ತೆಯಲ್ಲಿ ಜನಿಸಿದರು. ರಾಮನ್ ಅವರಿಗೆ ಸೋದರಮಾವ. ಬೆಳಕಿನ ಧ್ರುವೀಕರಣದ ಸಂಶೋಧನೆಗೆ ಪ್ರಸಿದ್ಧರಾದ ಎಸ್. ಪಂಚರತ್ನಂ ಅವರ ಸಹೋದರ. ೧೯೫೧ರಲ್ಲಿ ನಾಗಪುರ ವಿಶ್ವವಿದ್ಯಾನಿಲಯದಿಂದ ಎಂ.ಎಸ್ಸಿ. ಪದವಿ ಪಡೆದ ಬಳಿಕ ಬೆಂಗಳೂರಿಗೆ ಬಂದು, ರಾಮನ್ ಅವರ ಮಾರ್ಗದರ್ಶನದಲ್ಲಿ ಸ್ಫಟಿಕಗಳು ಬೆಳಕಿನ ಧ್ರುವೀಕರಣ ತಲವನ್ನು ತಿರುಗಿಸುವ ಗುಣವನ್ನು ಕುರಿತು ಸಂಶೋಧನೆ ನಡೆಸಿ ಡಾಕ್ಟರೇಟ್ ಗಳಿಸಿದರು. ಅನಂತರ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಎರಡನೆಯ ಡಾಕ್ಟರೇಟ್ ಪಡೆದು, ಲಂಡನ್ನಿನಲ್ಲಿಯೂ ಸ್ಫಟಿಕವಿಜ್ಞಾನದ ಕೆಲಸ ಮಾಡಿದರು.

ಮೈಸೂರಿನ ದಶಕ

೧೯೬೧ರಲ್ಲಿ ಸ್ವದೇಶಕ್ಕೆ ಮರಳಿದ ಅವರು ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮೊದಲ ಮುಖ್ಯಸ್ಥರಾದರು. ಅವರ ಆಸಕ್ತಿ ಘನ ಸ್ಫಟಿಕಗಳಿಂದ ದ್ರವ ಸ್ಫಟಿಕಗಳತ್ತ ಹೊರಳಿದ್ದು ಇಲ್ಲಿಯೇ. ದ್ರವ ಸ್ಫಟಿಕವು ಘನ ಮತ್ತು ದ್ರವ ಸ್ಥಿತಿಗಳ ನಡುವಣ ಪ್ರಾವಸ್ಥೆ: ದ್ರವದಂತೆ ಹರಿಯುತ್ತದೆ, ಆದರೆ ಅದರ ಅಣುಗಳು ಸ್ಫಟಿಕದಲ್ಲಿರುವಂತೆ ಒಂದು ಕ್ರಮವನ್ನು ಉಳಿಸಿಕೊಂಡಿರುತ್ತವೆ. ಕೊಲೆಸ್ಟೆರಿಕ್ ಪ್ರಾವಸ್ಥೆಯಲ್ಲಿ ಅಣುಗಳ ದಿಕ್ಕು ಸುರುಳಿಯಾಕಾರದಲ್ಲಿ ತಿರುಗುವುದರಿಂದ ಅದು ನಿರ್ದಿಷ್ಟ ಬಣ್ಣದ ಬೆಳಕನ್ನು ಪ್ರತಿಫಲಿಸುತ್ತದೆ. ಸ್ಫಟಿಕಗಳಲ್ಲಿ ಎಕ್ಸ್-ಕಿರಣಗಳ ಪ್ರತಿಫಲನವನ್ನು ವಿವರಿಸುವ ಸಿದ್ಧಾಂತವನ್ನು ಹೋಲುವ ವಿಧಾನದಿಂದ ಚಂದ್ರಶೇಖರ್ ಈ ಪ್ರತಿಫಲನವನ್ನು ವಿವರಿಸಿದರು. ಹೀಗೆ ಘನ ಸ್ಫಟಿಕಗಳಲ್ಲಿ ಪಡೆದ ತರಬೇತಿ ಹೊಸ ಕ್ಷೇತ್ರದಲ್ಲಿಯೂ ನೆರವಾಯಿತು.

ತಟ್ಟೆಯಾಕಾರದ ಅಣುಗಳು

೧೯೭೧ರಲ್ಲಿ ಚಂದ್ರಶೇಖರ್ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವ ಸ್ಫಟಿಕ ಪ್ರಯೋಗಾಲಯವನ್ನು ಆರಂಭಿಸಿದರು. ಸಾಮಾನ್ಯ ಒತ್ತಡದಲ್ಲಿ ದ್ರವ ಸ್ಫಟಿಕವಾಗದ ಕೆಲವು ಸಂಯುಕ್ತಗಳು ಅಧಿಕ ಒತ್ತಡದಲ್ಲಿ ಆ ಸ್ಥಿತಿಗೆ ಬರುತ್ತವೆಂಬುದನ್ನು ಇಲ್ಲಿನ ಪ್ರಯೋಗಗಳು ತೋರಿಸಿದವು.

೧೮೮೮ರಲ್ಲಿ ಫ್ರೀಡ್ರಿಶ್ ರೈನಿಟ್ಸರ್ ದ್ರವ ಸ್ಫಟಿಕಗಳನ್ನು ಗುರುತಿಸಿದಂದಿನಿಂದ, ಶಾಖದಿಂದ ಉಂಟಾಗುವ ದ್ರವ ಸ್ಫಟಿಕಕ್ಕೆ ಕಡ್ಡಿಯಂತಹ ನೀಳ ಅಣುಗಳು ಅಗತ್ಯವೆಂಬ ಭಾವನೆ ಬಲವಾಗಿತ್ತು. ೧೯೭೭ರಲ್ಲಿ ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಬೆನ್ಜೀನ್ ಉಂಗುರಕ್ಕೆ ಆರು ಸರಪಳಿಗಳು ಸೇರಿದ ಎಸ್ಟರ್‌ಗಳನ್ನು ಪರೀಕ್ಷಿಸಿದರು. ಚಪ್ಪಟೆಯಾದ ಈ ಅಣುಗಳು ನಾಣ್ಯಗಳನ್ನು ಪೇರಿಸಿದಂತೆ ಒಂದರ ಮೇಲೊಂದು ಕುಳಿತು ಕಂಬಗಳಾಗಿ ನಿಲ್ಲುವುದು ಎಕ್ಸ್-ಕಿರಣ ಅಧ್ಯಯನದಿಂದ ಸ್ಪಷ್ಟವಾಯಿತು. ಈ ಫಲಿತಾಂಶವನ್ನು ಅವರು ಬೆಂಗಳೂರಿನಿಂದಲೇ ಹೊರಡುವ ಪ್ರಮಾಣ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂತಹವುಗಳಿಗೆ ಡಿಸ್ಕೋಟಿಕ್ ದ್ರವ ಸ್ಫಟಿಕಗಳೆಂಬ ಹೆಸರು ರೂಢಿಗೆ ಬಂದಿತು. ತಟ್ಟೆಯಾಕಾರದ ಘಟಕಗಳನ್ನು ಜೋಡಿಸಿದ ಪಾಲಿಮರ್‌ಗಳಲ್ಲಿಯೂ ಮುಂದೆ ಇದೇ ಬಗೆಯ ಸ್ತಂಭ ಪ್ರಾವಸ್ಥೆ ದೊರೆಯಿತು. ದ್ರವ ಸ್ಫಟಿಕ ಪರದೆಗಳನ್ನು ಓರೆಯಾಗಿ ನೋಡಿದಾಗಲೂ ಚಿತ್ರ ಸ್ಪಷ್ಟವಾಗಿ ಕಾಣುವಂತೆ ಮಾಡುವ ತೆಳುಪೊರೆಗಳಲ್ಲಿ ಡಿಸ್ಕೋಟಿಕ್ ವಸ್ತುಗಳು ಬಳಕೆಯಾಗಿವೆ.

ಕೃತಿ, ಸಂಸ್ಥೆ ಮತ್ತು ಗೌರವಗಳು

ಅವರ ಲಿಕ್ವಿಡ್ ಕ್ರಿಸ್ಟಲ್ಸ್ ಎಂಬ ಗ್ರಂಥವನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯ ಮುದ್ರಣಾಲಯವು ೧೯೭೭ರಲ್ಲಿ ಪ್ರಕಟಿಸಿತು. ೧೯೯೨ರಲ್ಲಿ ಎರಡನೆಯ ಆವೃತ್ತಿ ಬಂದಿತು. ೧೯೯೧ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಅವರು ದ್ರವ ಸ್ಫಟಿಕ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಅದೇ ಮುಂದೆ ನ್ಯಾನೋ ಮತ್ತು ಮೃದು ದ್ರವ್ಯ ವಿಜ್ಞಾನ ಕೇಂದ್ರವಾಯಿತು. ಅಂತರರಾಷ್ಟ್ರೀಯ ದ್ರವ ಸ್ಫಟಿಕ ಸಂಘದ ಸ್ಥಾಪಕ ಅಧ್ಯಕ್ಷರೂ ಅವರೇ.

೧೯೭೨ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ, ೧೯೮೩ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, ೧೯೯೪ರಲ್ಲಿ ಅದೇ ಸಂಸ್ಥೆಯ ರಾಯಲ್ ಪದಕ ಹಾಗೂ ೧೯೯೮ರಲ್ಲಿ ಪದ್ಮಭೂಷಣ ಅವರಿಗೆ ಸಂದವು. ೨೦೦೪ರ ಮಾರ್ಚ್ ೮ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು.